ಎರಡನೆಯ ತಿಂಗಳ ಡಬ್ಬಿ

ಮಣಿಪಾಲ,
೧೦ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಗುಣವತಿ ಮಾಮಿಗೆ,

ಪ್ರಣೀತಾಳ ನಮಸ್ಕಾರಗಳು. ಈ ಪತ್ರದ ಉದ್ದೇಶ ಒಂದೇ. ಕಳೆದ ಭಾನುವಾರ ಕಾಪುವಿನ ನಿಮ್ಮ ಮನೆಯಲ್ಲಿ, ಮುಚ್ಚಿದ ಬಾಗಿಲಿನ ಹೊರಗೆ ನಿಂತು, ನೀವು ನನ್ನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವುದು. ಆ ದಿನ ಉತ್ತರಿಸದೆ, ಊಟಕ್ಕೂ ನಿಲ್ಲದೆ, ಬಸ್ಸು ಹತ್ತಿದೆ. ಆಮೇಲೆ ನೀವು ಮಾಡಿದ ಫೋನುಗಳನ್ನೂ ಎತ್ತಲಿಲ್ಲ. ಕ್ಷಮಿಸಬೇಕು. ಕೆಲಸದ ನೆಪ ಹೇಳುವುದಿಲ್ಲ. ಫೋನಿನಲ್ಲಾದರೆ ತುಳುವಿನಲ್ಲಿ ಮಾತಾಡಬೇಕಾಗುತ್ತದೆ. ತುಳುವಿನಲ್ಲಿ ನಾನು ನಿಮ್ಮ ಮಟ್ಟಿಗೆ ಇಂದಿಗೂ ಪಿಯುಸಿ ಓದಲೆಂದು ಕಾರ್ಕಳದಿಂದ ಬಂದು, ನಿಮ್ಮ ಅಡುಗೆಮನೆಯ ಮಣೆಯ ಮೇಲೆ ಕುಳಿತು ಲೆಕ್ಕ ಬಿಡಿಸುತ್ತಿದ್ದ ತಮ್ಮನ ಮಗಳು. ಕನ್ನಡದಲ್ಲಿ ಬರೆದರೆ ನನ್ನ ಬೆನ್ನು ನೇರವಾಗಿರುತ್ತದೆ.

ಕಾಲಿನ ಬಾವು ಇಳಿದಿದೆಯೇ? ಬೆಳಗ್ಗಿನ ಬಿಪಿ ಮಾತ್ರೆಯನ್ನು ನೀವು ಮತ್ತೆ ಮರೆಯತೊಡಗಿದ್ದೀರೆಂದು ಮೋಕ್ಷಾ ಹೇಳಿದಳು. ನಿಮ್ಮ ಮಗಳು ದೂರು ಹೇಳುವವಳಲ್ಲ, ಅವಳಿಗೆ ಹೆದರಿಕೆಯಾಗಿದೆ. ದಯವಿಟ್ಟು ಮರೆಯಬೇಡಿ.

ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವುದು ನಮ್ಮ ಮನೆಗಳಲ್ಲಿ ಪ್ರತಿವರ್ಷದ ಮಾತು. ಆದರೆ ಅಜ್ಜ, ಅಜ್ಜಿ, ಮಾವ ಇವರ ಎಲೆಗಳ ಸಾಲಿನಲ್ಲಿ ನಿಮ್ಮ ಮಗ ರಿತೇಶನ ಎಲೆಯನ್ನು ಹಾಕಿದ್ದು ಇದೇ ಮೊದಲು. ಕೋಳಿಸಾರು, ರೊಟ್ಟಿ, ಅವನು ಮುಳ್ಳನ್ನೂ ಬಿಡದೆ ಜಗಿಯುತ್ತಿದ್ದ ಹುರಿದ ಬಂಗುಡೆ, ಎಲ್ಲವನ್ನೂ ನೀವೇ ಬಡಿಸಿದಿರಿ. ದೀಪವಿಟ್ಟು ಬಾಗಿಲು ಎಳೆದಿರಿ. ಸತ್ತವರು ಉಣ್ಣುವಷ್ಟು ಹೊತ್ತು ಬದುಕಿರುವವರೆಲ್ಲ ಹೊರಗೆ ಸುಮ್ಮನೆ ನಿಲ್ಲಬೇಕು. ನೀವು ಸುಮ್ಮನಿರಲಿಲ್ಲ.

"ಆ ಹುಡುಗನಿಗೆ ಮಾತ್ರೆ ಕೊಂಡುಹೋಗುವುದು ನೀನೇ ಅಲ್ವಾ?"

"ಹೌದು, ಮಾಮಿ."

"ಮುಂದಿನ ಡಬ್ಬಿ ಕೊಂಡುಹೋಗಬೇಡ. ಬೇರೆ ಎಂತ ಮಾಡುವುದೂ ಬೇಡ. ಅಷ್ಟು ಜನರ ನಡುವೆ ಒಂದು ಡಬ್ಬಿ ಬಿಟ್ಟುಹೋದರೆ ಯಾರು ಕೇಳ್ತಾರೆ?"

ಅಪ್ಪ ಅಡ್ಡ ಬಂದರು. "ಅಕ್ಕಾ, ಹುಡುಗಿಯನ್ನು ಬಿಡು ಮಾರಾಯ್ತಿ. ಇವತ್ತು ಬೇಡ."

"ಇವತ್ತೇ ಬೇಕು, ಉಮಾನಾಥ. ಒಳಗೆ ಅವ ಉಣ್ತಾ ಇದ್ದಾನೆ. ಅವನ ಕಿವಿಗೂ ಬೀಳಲಿ."

ಹಾಗೆಂದು ನೀವು ಬಾಗಿಲಿನ ಹಲಗೆಯ ಮೇಲೆ ಅಂಗೈ ಊರಿದಿರಿ. ನಾನು ಆ ಕೈಯನ್ನೇ ನೋಡುತ್ತಿದ್ದೆ.

ಈಗ ಬರೆಯುವುದರಲ್ಲಿ ಒಂದು ಎಚ್ಚರಿಕೆ ನನ್ನದು. ಯಾರ ರಕ್ತದಲ್ಲಿ ಏನಿದೆ ಎಂಬುದನ್ನು ನಾನು ಹೆತ್ತವರಿಗೂ ಹೇಳುವಂತಿಲ್ಲ. ನೀವು ಆ ಹುಡುಗ ಎಂದ ಲಕ್ಷಿತನಿಗೆ ಹೆಪಟೈಟಿಸ್ ಸಿ ಇರುವುದನ್ನು ಅವನ ವಕೀಲರೇ ಉಡುಪಿಯ ನ್ಯಾಯಾಲಯದಲ್ಲಿ ಎಲ್ಲರೆದುರು ಎದ್ದುನಿಂತು ಹೇಳಿದರು, ನೀವು ಅಲ್ಲಿದ್ದಿರಿ. ಆದ್ದರಿಂದ ಅಷ್ಟನ್ನು ಮಾತ್ರ ಬರೆಯುತ್ತೇನೆ. ಉಳಿದ ಕೈದಿಗಳಿಗೆ ಬೇರೆ ಹೆಸರಿಟ್ಟಿದ್ದೇನೆ.

ಜೈಲಿನಲ್ಲಿರುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಬೇಕು, ಸೋಂಕು ಇದ್ದವರಿಗೆ ಒಳಗೇ ಚಿಕಿತ್ಸೆ ಕೊಡಬೇಕು ಎಂದು ಯೋಜನೆ ಬರೆದವಳು ನಾನು. ನನ್ನ ಸ್ನಾತಕೋತ್ತರ ಅಧ್ಯಯನಕ್ಕೆ ಸುಲಭದ ವಿಷಯಗಳು ಬೇಕಾದಷ್ಟಿದ್ದವು. ಸುಲಭದ್ದನ್ನು ಆರಿಸಿ ನನಗೆ ಅಭ್ಯಾಸವಿಲ್ಲ. ಈ ವೈರಸ್ಸುಗಳು ರಕ್ತದಿಂದ ರಕ್ತಕ್ಕೆ ದಾಟುತ್ತವೆ, ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ತಿನ್ನುತ್ತವೆ. ಬಿ ಬಾರದಂತೆ ಲಸಿಕೆಯಿದೆ. ಸಿ ಬಂದವರು ದಿನಕ್ಕೊಂದರಂತೆ ಹನ್ನೆರಡು ವಾರ ಮಾತ್ರೆ ನುಂಗಿದರೆ ಬಹುತೇಕ ಎಲ್ಲರೂ ಪೂರ್ತಿ ಗುಣವಾಗುತ್ತಾರೆ. ನಡುವೆ ಬಿಟ್ಟರೆ ವೈರಸ್ ಮತ್ತೆ ತಲೆ ಎತ್ತುತ್ತದೆ, ಮುಂದೆ ಅದೇ ಮಾತ್ರೆಗೆ ಬಗ್ಗದಿರಲೂಬಹುದು. ಇದನ್ನು ಅಪ್ಪ ನಿಮಗೆ ಮೊದಲೇ ವಿವರಿಸಿದ್ದಾರೆ. ನನ್ನ ಮಗಳೇ ಮಾಡಿದ್ದು ಎಂದು ಊರಿಡೀ ಹೇಳಿಕೊಂಡು ಬಂದವರಲ್ಲವೇ ಅವರು!

ಜೈಲಿನವರು ಕೈದಿಗಳ ಹೆಸರುಗಳನ್ನು ಕಳುಹಿಸಿಕೊಟ್ಟಾಗ ಆ ಹೆಸರು ಅಲ್ಲಿತ್ತು. ಹಿರಿಯಡ್ಕದ ಲಕ್ಷಿತ್, ಗ್ಯಾರೇಜಿನಲ್ಲಿ ಕೆಲಸ. ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟಿನ ಫೈನಲಿನಲ್ಲಿ ತನ್ನನ್ನು ಔಟ್ ಕೊಟ್ಟ ಅಂಪೈರಿನ ತಲೆಗೆ ಬ್ಯಾಟು ಬೀಸಿದವನು. ನನ್ನ ಮಾರ್ಗದರ್ಶಕಿ ಡಾ. ಪ್ಯಾಟ್ರಿಶಿಯಾ ಅವರಿಗೆ ಆ ಅಂಪೈರು ನನ್ನ ಸೋದರತ್ತೆಯ ಮಗನೆಂದು ತಿಳಿಸಿದೆ. ಅವರು ಕನ್ನಡಕ ತೆಗೆದಿಟ್ಟು, "ಪ್ರಣೀತಾ, ಆ ದಿನ ಬೇರೆಯವರನ್ನು ಕಳುಹಿಸುವ. ನಿನಗೆ ಯಾರೂ ಮಾರ್ಕು ಕಡಿಮೆ ಮಾಡುವುದಿಲ್ಲ" ಎಂದರು. ಬೇಡ ಮೇಡಂ, ನನ್ನ ಕೈ ನಡುಗುವುದಿಲ್ಲ ಎಂದೆ.

ನಡುಗಲಿಲ್ಲ. ಮೊದಲ ದಿನ ಕೈದಿಗಳೆಲ್ಲ ಹಜಾರದಲ್ಲಿ ಸಾಲುಗಟ್ಟಿ ಕುಳಿತಿದ್ದರು. ಎಲ್ಲರಿಗಿಂತ ಹಿರಿಯನಾದ ಒಬ್ಬನನ್ನು ಜೋಕಿಮ್ ಎಂದು ಕರೆಯುತ್ತೇನೆ. "ಡಾಕ್ಟ್ರಮ್ಮ, ಇಷ್ಟು ರಕ್ತ ತೆಗೆದು ಎಂತ ಮಾಡ್ತೀರಿ? ಸಾರಿಗೆ ಹಾಕ್ತೀರಾ?" ಎಂದು ಅವನು ಕೇಳಿದಾಗ ಎಲ್ಲರೂ ನಕ್ಕರು, ಹೆದರಿಕೆ ಅರ್ಧ ಇಳಿಯಿತು. ಲಕ್ಷಿತನ ಸರದಿ ಬಂತು. ಮಾಮಿ, ಅವನು ದೊಡ್ಡ ದೇಹದವನಿರಬೇಕೆಂದು ನಾನು ಎಣಿಸಿದ್ದೆ. ಮೀಸೆ ಸರಿಯಾಗಿ ದಟ್ಟವಾಗದ ಸಣಕಲ ಹುಡುಗ. ನಾನು ಯಾರೆಂದು ಅವನಿಗೆ ತಿಳಿದಿರಲಿಲ್ಲ. "ಸೂಜಿ ಕಂಡರೆ ನನಗೆ ಆಗುವುದಿಲ್ಲ ಡಾಕ್ಟ್ರೇ, ಆ ಕಡೆ ನೋಡ್ತೇನೆ" ಎಂದು ಮುಖ ತಿರುಗಿಸಿ ಬಲಗೈ ಚಾಚಿದ. ಬ್ಯಾಟು ಬೀಸಿದ ಕೈ ಅದು. ಎಡಗೈ ಕೊಡು ಎಂದೆ. ಯಾಕೆಂದು ಅವನು ಕೇಳಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದಾಗ ಕೆಲವರಲ್ಲಿ ಸಿ ಇತ್ತು. ಅದರಲ್ಲಿ ಇಬ್ಬರು ಮೂವರ ವಿಷಯ ನನ್ನ ಬುದ್ಧಿಗೆ ಹತ್ತಲಿಲ್ಲ. ಚುಚ್ಚಿಕೊಳ್ಳುವ ಚಟವಿಲ್ಲ, ಹಚ್ಚೆಯಿಲ್ಲ, ಎಂದೂ ರಕ್ತ ಹಾಕಿಸಿಕೊಂಡಿಲ್ಲ. ಮತ್ತೆ ಹೇಗೆ? ಉತ್ತರ ಸಿಕ್ಕದೆ ಬಹಳ ಹಿಂಸೆಯಾಯಿತು. ಉತ್ತರ ಗೊತ್ತಿಲ್ಲದ ಪ್ರಶ್ನೆಯ ಜೊತೆ ಇರುವುದು ನನಗೆ ಕಷ್ಟ, ನಿಮಗೆ ಗೊತ್ತಿದೆ. ಒಂದು ಸೋಮವಾರ ಬೆಳಗ್ಗೆ ನಾನು ಗೇಟಿನೊಳಗೆ ಹೋಗುವಾಗ ನ್ಯಾಯಾಲಯಕ್ಕೆ ಹೊರಟವರು ವ್ಯಾನಿನ ಬಳಿ ನಿಂತಿದ್ದರು. ಒಬ್ಬೊಬ್ಬರ ಮುಖವೂ ನುಣುಪಾಗಿತ್ತು. ಗಲ್ಲದ ಕೆಳಗೆ, ಕಿವಿಯ ಪಕ್ಕದಲ್ಲಿ ಹಸಿ ಗೀರುಗಳಿದ್ದವು. ಕ್ಷೌರದವನು ಬರುವ ದಿನ ಅದಾಗಿರಲಿಲ್ಲ.

ನಾನು ಜೋಕಿಮನನ್ನು ಕೇಳಿದೆ. ಅವನು ಮೊದಲು ಆಕಾಶ ನೋಡಿದ. "ಹೇಳದಿದ್ದರೆ ಇನ್ನಷ್ಟು ಜನರಿಗೆ ಹರಡುತ್ತದೆ" ಎಂದೆ.

"ಬೈಬೇಡಿ ಡಾಕ್ಟ್ರಮ್ಮ. ಗಡ್ಡ ಬಿಟ್ಟುಕೊಂಡು ಜಡ್ಜರ ಎದುರು ನಿಂತರೆ ಜಾಮೀನು ಉಂಟಾ? ರೌಡಿ ಅಂತ ಕಂಡ ಕೂಡಲೇ ಬರೆದುಬಿಡ್ತಾರೆ. ಕೋರ್ಟಿನ ವಾಯಿದೆಯ ಮುನ್ನಾದಿನ ಮೋರೆ ಹೆರೆದುಕೊಳ್ಳಲೇಬೇಕು. ಬ್ಲೇಡು ಯಾರ ಹತ್ತಿರ ಉಂಟೋ ಅದೇ ಎಲ್ಲರಿಗೂ."

"ಎಲ್ಲರಿಗೂ ಒಂದೇ?"

"ಮತ್ತೆ? ಒಂದು ಅಡಗಿಸಿಡುವುದೇ ಸಾಕೋ ಸಾಕು. ತೊಳೀತೇವೆ ಮಾರಾಯ್ರೆ, ಸೋಪು ಹಾಕಿ!"

ಅಧಿಕಾರಿಗಳ ಕಣ್ಣಿಗೂ ಬೀಳದಂತೆ ಅವರೇ ನಡೆಸಿಕೊಂಡು ಬಂದ ಪದ್ಧತಿ ಅದು. ಈಗ ನಿಂತಿದೆ, ವಾಯಿದೆಗೆ ಹೋಗುವವನಿಗೆ ಅವನದೇ ರೇಜರ್ ಕೊಟ್ಟು, ಆಮೇಲೆ ವಾಪಸು ಪಡೆಯುತ್ತಾರೆ. ಲಕ್ಷಿತನಿಗೆ ಆ ಬ್ಲೇಡಿನಿಂದಲೇ ಬಂತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಅವನ ಮೊದಲ ವಾಯಿದೆಯಿಂದ ಬಂದ ರಾತ್ರಿ ನೀವು ನನಗೆ ಫೋನು ಮಾಡಿ ಹೇಳಿದ್ದು ನೆನಪಿದೆಯೇ? "ಮದುಮಗನ ಹಾಗೆ ಮೋರೆ ಮಾಡಿಕೊಂಡು ಬಂದಿದ್ದ, ಪ್ರಣೀ. ನನ್ನ ಮಗನನ್ನು ಮಣ್ಣು ಮಾಡಿದವನ ಮುಖದಲ್ಲಿ ಒಂದು ಕೂದಲಿಲ್ಲ." ನೀವು ಅಷ್ಟೊಂದು ದ್ವೇಷಿಸಿದ ಆ ನುಣುಪು ಮುಖದಿಂದಲೇ ರೋಗ ಒಳಗೆ ಹೋಗಿರಬೇಕು. ಇದನ್ನು ತಿಳಿದರೆ ನಿಮಗೆ ಸಮಾಧಾನವಾಗುತ್ತದೆಯೋ ಏನೋ, ನನಗೆ ತಿಳಿಯದು. ನನಗಂತೂ ಆಗಲಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ ಸಂಗತಿ. ಜುಲೈಯಲ್ಲಿ ಸಿ ಇದ್ದವರಿಗೆಲ್ಲ ಮೊದಲನೆಯ ತಿಂಗಳ ಡಬ್ಬಿ ಕೊಟ್ಟು ವಾರವಾಗಿತ್ತಷ್ಟೆ. ರೋಗವಿದೆ, ಜಾಮೀನು ಕೊಡಿ ಎಂದು ಅವನ ವಕೀಲರು ಕೇಳಿದ ದಿನ, ನೀವು ನ್ಯಾಯಾಲಯದ ಜಗಲಿಯಲ್ಲಿ ಪೊಲೀಸರ ನಡುವೆ ಹೋಗುತ್ತಿದ್ದ ಅವನಿಗೆ ಕೇಳುವಂತೆ ಕೂಗಿದಿರಂತೆ: "ನಿನಗೆ ಮದ್ದು ಕೊಡುವ ಡಾಕ್ಟ್ರು ನಮ್ಮ ಹುಡುಗಿ! ನೋಡ್ತೇನೆ ನೀನು ಹೇಗೆ ಬದುಕ್ತೀ ಅಂತ!"

ಆ ಮಾತು ಅದೇ ಸಂಜೆ ವ್ಯಾನಿನಲ್ಲಿ ಜೈಲಿಗೆ ಹೋಯಿತು. ಮರುದಿನ ಜೈಲಿನ ಔಷಧ ನೋಡಿಕೊಳ್ಳುವ ವಲೇರಿಯನ್ ನನಗೆ ಫೋನು ಮಾಡಿದರು. "ಮೇಡಂ, ಒಬ್ಬನೂ ಮಾತ್ರೆ ಮುಟ್ಟುವುದಿಲ್ಲ. ವಿಷ ಅಂತ ಹೇಳ್ತಾ ಇದ್ದಾರೆ. ನೀವೇ ಬರಬೇಕು."

ಡಾ. ಪ್ಯಾಟ್ರಿಶಿಯಾ ಮತ್ತೆ ಅದೇ ಮಾತು ಹೇಳಿದರು: ನೀನು ಹಿಂದೆ ಸರಿ, ನಾನು ಹೋಗುತ್ತೇನೆ. ಈ ಸಲ ನಾನು ಅಹಂಕಾರದಿಂದ ಬೇಡವೆನ್ನಲಿಲ್ಲ. ನಾನು ಹಿಂದೆ ಸರಿದರೆ, ಡಾಕ್ಟರು ಸಿಕ್ಕಿಬಿದ್ದು ಓಡಿಹೋದಳು ಎಂದು ಆ ಗಂಡಸರು ತೀರ್ಮಾನಿಸುತ್ತಾರೆ. ಆಮೇಲೆ ಯಾರು ಕೊಟ್ಟರೂ ನುಂಗುವುದಿಲ್ಲ. ಅವರಲ್ಲಿ ಒಬ್ಬನಿಗೆ ಯಕೃತ್ತು ಗಟ್ಟಿಯಾಗತೊಡಗಿದೆ. ಅವನಿಗೆ ಕಾಯುವ ಅವಕಾಶವಿಲ್ಲ. ಮೇಡಂ, "ಹಾಗಾದರೆ ನಾನೂ ಬರುತ್ತೇನೆ. ನೀನು ಮಾತಾಡು, ನಾನು ನೋಡುತ್ತಿರುತ್ತೇನೆ" ಎಂದರು.

ಹೋದೆವು. ಡಬ್ಬಿಗಳು ಮೇಜಿನ ಮೇಲಿದ್ದವು, ಅವರು ಗೋಡೆಗೆ ಒರಗಿ ನಿಂತಿದ್ದರು. ಸಾರಿನ ತಮಾಷೆ ಯಾರಿಗೂ ನೆನಪಿರಲಿಲ್ಲ. ಲಕ್ಷಿತ್ ಎಲ್ಲರಿಗಿಂತ ಹಿಂದೆ ಇದ್ದ. "ಮುಂದೆ ಬಾ" ಎಂದೆ. ಬಂದ.

"ನೀವು ಆ ಅಂಪೈರಿನ ಮನೆಯವರು. ಹೌದೋ ಅಲ್ಲವೋ?"

"ಹೌದು."

"ಮೊದಲ ದಿನವೇ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನಿನ್ನ ರಕ್ತಕ್ಕೆ ಅದು ಸಂಬಂಧವಿಲ್ಲ."

ಅವನು ಮೇಜಿನಿಂದ ಹಿಂದೆ ಸರಿದ. "ನೀವು ಕೊಟ್ಟದ್ದನ್ನು ನಾನು ನುಂಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ವಿಷವನ್ನೇ ಹಾಕ್ತಿದ್ದೆ."

ಆಗ ನಾನು ಡಬ್ಬಿಗಳ ಮೇಲೆ ಅಂಟಿಸಿದ್ದ ಹೆಸರಿನ ಚೀಟಿಗಳನ್ನೆಲ್ಲ ಅವರೆದುರೇ ಕಿತ್ತೆ. ಎಲ್ಲರದೂ ಒಂದೇ ಮಾತ್ರೆ, ಒಂದೇ ಪ್ರಮಾಣ. ಒಂದೇ ಬುಟ್ಟಿಗೆ ಸುರಿದು ಕಲಸಿದೆ. "ನಿನ್ನದು ಯಾವುದೆಂದು ಈಗ ನನಗೂ ಗೊತ್ತಿಲ್ಲ. ನಾನು ನಿನಗೆ ವಿಷ ಹಾಕಿದ್ದರೆ ಅದು ಇವರಲ್ಲಿ ಯಾರಿಗಾದರೂ ಹೋಗುತ್ತದೆ. ಆರಿಸು" ಎಂದೆ.

ಜೋಕಿಮ್ ಗೋಡೆ ಬಿಟ್ಟು ಬಂದ. "ದಾರಿ ಬಿಡು ಮಾರಾಯ. ವಿಷದ್ದಿದ್ದರೆ ನನಗೇ ಬರಲಿ, ತಿಂಗಳು ತಿಂಗಳು ವಾಯಿದೆಗೆ ಹೋಗುವ ಕಷ್ಟವಾದರೂ ತಪ್ಪಲಿ" ಎಂದು ಮೇಲಿನ ಡಬ್ಬಿ ಎತ್ತಿ, ಒಂದು ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದು, ನಾಲಿಗೆ ಚಾಚಿ ತೋರಿಸಿದ. ಒಬ್ಬೊಬ್ಬರಾಗಿ ಬಂದರು. ಬುಟ್ಟಿಯ ತಳದಲ್ಲಿ ಒಂದೇ ಉಳಿಯಿತು. ಲಕ್ಷಿತ್ ಅದನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಮಾತ್ರೆ ನುಂಗಿದ. ನುಂಗುವಾಗ ಕಣ್ಣು ಮುಚ್ಚಲಿಲ್ಲ, ನನ್ನ ಮುಖದಿಂದ ತೆಗೆಯಲೂ ಇಲ್ಲ. ಹೊರಗೆ ಬಂದಾಗ ಡಾ. ಪ್ಯಾಟ್ರಿಶಿಯಾ, "ಹೆಸರಿನ ಚೀಟಿ ಕೀಳುವುದು ನಿಯಮದಲ್ಲಿಲ್ಲ, ಗೊತ್ತುಂಟಲ್ಲ?" ಎಂದರು. ಗೊತ್ತುಂಟು ಎಂದೆ. ಅವರು ಕಾರಿನ ಬಾಗಿಲು ತೆಗೆದುಕೊಟ್ಟರು.

ಅಂದಿನಿಂದ ಮಾತ್ರೆ ತಪ್ಪಿಲ್ಲ. ಎರಡನೆಯ ತಿಂಗಳ ಡಬ್ಬಿಗಳು ನಾಡಿದ್ದು ಮಂಗಳವಾರ ಹೋಗಬೇಕು. ಈಗ ಅವು ನನ್ನ ಕೋಣೆಯಲ್ಲಿ, ಈ ಮೇಜಿನ ಮೇಲೆ, ಈ ಪತ್ರದ ಪಕ್ಕದಲ್ಲಿವೆ. ಒಂದನ್ನು ಕಪಾಟಿನ ಒಳಗಿಟ್ಟರೆ, ನೀವು ಹೇಳಿದ್ದು ನಿಜ, ತಕ್ಷಣ ಯಾರೂ ಕೇಳುವುದಿಲ್ಲ. ದಾಸ್ತಾನು ಬರಲಿಲ್ಲ ಎಂದರೆ ನಂಬುತ್ತಾರೆ. ನಾನು ಹೇಳಿದ್ದನ್ನು ಜನ ನಂಬುತ್ತಾರೆ, ಮಾಮಿ. ಅದನ್ನು ಇಷ್ಟು ವರ್ಷ ಓದಿ ಗಳಿಸಿದ್ದೇನೆ.

ಗುರುವಾರ ಅವನ ಜಾಮೀನು ಅರ್ಜಿ ವಜಾ ಆದ ಸುದ್ದಿ ನಿಮಗೆ ತಲುಪಿರುತ್ತದೆ. ಆ ಸಂಜೆ ಅಪ್ಪ ಉತ್ಸಾಹದಿಂದ ಫೋನು ಮಾಡಿದರು. "ಮದ್ದು ಒಳಗೇ ಸಿಗ್ತಾ ಉಂಟು ಅಂತಲೇ ಜಾಮೀನು ಕೊಡಲಿಲ್ಲವಂತೆ. ಅಕ್ಕನಿಗೆ ಇದನ್ನೇ ಹೇಳು. ಮದ್ದು ನಿಂತರೆ ಅವ ಹೊರಗೆ ಬರ್ತಾನೆ ಅಂತ ಹೇಳು. ಒಪ್ತಾಳೆ." ಅಪ್ಪ ಹೇಳಿದ್ದು ಬುದ್ಧಿವಂತಿಕೆಯ ಮಾತು. ನಾನು ಅದರ ಹಿಂದೆ ಅಡಗುವುದಿಲ್ಲ. ಅವನಿಗೆ ಜಾಮೀನು ಸಿಕ್ಕಿದ್ದರೆ ಡಬ್ಬಿ ಹಿಡಿದುಕೊಂಡು ಹಿರಿಯಡ್ಕದ ಬಸ್ಸು ಹತ್ತುತ್ತಿದ್ದೆ. ಇದು ನಿಮಗೆ ತಿಳಿದಿರಲಿ.

ನಿಮಗೆ ಸಿಟ್ಟು ಬರುತ್ತದೆ. ಬರಲಿ. ಚೌತಿಗೆ ಕಾಪುವಿಗೆ ಬರುತ್ತೇನೆ. ಬಾಗಿಲು ತೆರೆದರೆ ಒಳಗೆ ಬರುತ್ತೇನೆ, ತೆರೆಯದಿದ್ದರೆ ಜಗಲಿಯಲ್ಲಿ ಕುಳಿತು ಮೋಕ್ಷಾಳ ಕೈಯಿಂದ ನೀರು ಕುಡಿದು ಹೋಗುತ್ತೇನೆ. ಚಿಕ್ಕವಳು ನಿಮ್ಮನ್ನು ಹರಸುವಂತಿಲ್ಲ. ನಿಮಗೆ ನಿದ್ರೆ ಬರಲಿ ಎಂದು ಮಾತ್ರ ಬೇಡಿಕೊಳ್ಳುತ್ತೇನೆ. ನಿಮ್ಮ ಪಾದಗಳಿಗೆ ನಮಸ್ಕರಿಸುತ್ತೇನೆ. ಆಶೀರ್ವಾದ ಕೊಡುವುದೂ ಬಿಡುವುದೂ ನಿಮ್ಮ ಇಷ್ಟ.

ನಿಮ್ಮ,
ಪ್ರಣೀತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿಸಿಕೊಂಡದ್ದು. ಡಿಸೆಂಬರಿನ ಆ ಭಾನುವಾರ ಬೆಳಗ್ಗೆ ರಿತೇಶ್ ಮೈದಾನದಿಂದ ನನಗೆ ಫೋನು ಮಾಡಿದ್ದ. "ಫೈನಲ್ ಮುಗಿಸಿ ಸೀದಾ ಕಾರ್ಕಳಕ್ಕೆ ಬರ್ತೇನೆ. ನೀನು ಡಾಕ್ಟ್ರು, ನಾನು ಶಾಲೆಯ ಡ್ರಿಲ್ ಮಾಸ್ಟ್ರು, ಮಾಮ ಔಟ್ ಕೊಟ್ಟರೂ ಕೊಟ್ಟಾರು. ಆದರೆ ಇವತ್ತು ಅವರ ಹತ್ತಿರ ನಿನ್ನನ್ನು ಕೇಳಿಯೇ ಬಿಡ್ತೇನೆ. ನೀನು ಒಳಗೆ ನಿಂತುಕೊಂಡು ನಗಬಾರದು, ಆಯ್ತಾ?" ಎಂದ. ನಗುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮಿಬ್ಬರಿಗಲ್ಲದೆ ಯಾರಿಗೂ ತಿಳಿದಿರಲಿಲ್ಲ. ಸಂಜೆ ಹಸಿರು ಸೀರೆ ಉಟ್ಟು ಕುಳಿತಿದ್ದೆ. ಯಾರ ಮದುವೆಗೆ ಹೊರಟದ್ದು ಎಂದು ಅಪ್ಪ ತಮಾಷೆ ಮಾಡುತ್ತಿರುವಾಗಲೇ ನಿಮ್ಮ ಫೋನು ಬಂತು. ಅದೇ ಸೀರೆಯಲ್ಲಿ ಆಸ್ಪತ್ರೆಗೆ ಬಂದೆ. ಅವನಿಗೆ ಎಚ್ಚರವಿಲ್ಲದ ಆ ದಿನಗಳಲ್ಲಿ ಐಸಿಯುವಿನ ಹೊರಗೆ ನಿಮಗೆಲ್ಲ ಸ್ಕ್ಯಾನು ವಿವರಿಸಿದವಳು ನಾನು. ಇನ್ನು ಆಸೆಯಿಲ್ಲ ಎಂದು ನಿಮಗೆ ಹೇಳಬೇಕಾದವಳೂ ನಾನೇ. ನೀವು ನನ್ನ ಹೆಗಲಿಗೆ ಒರಗಿ ಅತ್ತಿರಿ. ನನಗೆ ಅಳಲು ಯಾವ ಸಂಬಂಧವನ್ನು ಹೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಹಾಗೆಯೇ ನೆಟ್ಟಗೆ ನಿಂತಿದ್ದೆ. ಕಳೆದ ಭಾನುವಾರ ಬಾಗಿಲು ತೆರೆದು ನೀವೆಲ್ಲರೂ ಅವನ ಎಲೆಯ ಊಟವನ್ನು ಹಂಚಿಕೊಳ್ಳಲು ಕುಳಿತಾಗ, ನನಗೆಂದು ಒಂದು ತುತ್ತು ತೆಗೆದು ನೀವು ಕೈಚಾಚಿದಿರಿ. ಅದನ್ನು ಯಾವ ಸಂಬಂಧದಲ್ಲಿ ಉಣ್ಣಲಿ? ಅದಕ್ಕಾಗಿಯೇ ಬಸ್ಸಿಗೆ ಓಡಿದೆ.

ನೀವು ಕೇಳಿದ್ದನ್ನು ನಾನು ಮಾಡುವುದಿಲ್ಲ, ಮಾಮಿ.